ಹನಿ ಎಣಿಸಲು ಪ್ರಯೋಗಾಲಯ ಬೇಕೇ?

ಮಕ್ಕಳೇ, ಬಟ್ಟೆ ಒಗೆಯುವಾಗ ಸಾಬೂನಿಗೆ ನೊರೆ ಬರಲಿಲ್ಲವೆಂದರೆ ನಿಮ್ಮ ಮನೆಯಲ್ಲಿ ಯಾರನ್ನು ಬೈಯುತ್ತಾರೆ? ನಾನು ಕೇಳಿಸಿಕೊಂಡಂತೆ ಹೆಚ್ಚಿನ ಮನೆಗಳಲ್ಲಿ ಸಾಬೂನನ್ನು ಬೈಯುತ್ತಾರೆ. ಕೆಲವರು ಅದನ್ನು ಮಾರಿದ ಅಂಗಡಿಯವನನ್ನು ಬೈಯುತ್ತಾರೆ. ಮುಂದಿನ ತಿಂಗಳು ಇನ್ನೊಂದು ಸಾಬೂನು, ಅದೂ ಸರಿಬರದಿದ್ದರೆ ಮತ್ತೊಂದು. ಎಲ್ಲೋ ಒಬ್ಬಿಬ್ಬರು ಅಜ್ಜಿಯರು ಮಾತ್ರ, "ಸಾಬೂನಿಂದೇನ್ ತಪ್ಪಿಲ್ಲ, ನೀರೇ ಸವಳ ಅದ" ಎನ್ನುತ್ತಾರೆ.

ಅಜ್ಜಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮದು ತೊಗರಿ ಬೆಳೆಯುವ ಜಿಲ್ಲೆ. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಯಾವ ಬೋರ್‌ವೆಲ್ಲಿನ ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ ಎಂಬುದು ಅಡುಗೆ ಮಾಡುವವರಿಗೆ ಚೆನ್ನಾಗಿ ಗೊತ್ತು. ಆದರೆ "ಎಷ್ಟು ಸವಳು?" ಎಂದು ಕೇಳಿದರೆ ಅಜ್ಜಿಯ ಬಳಿ ಉತ್ತರವಿಲ್ಲ. "ಭಾಳ" ಎನ್ನುತ್ತಾರೆ. ಪಕ್ಕದ ಊರಿನ ನೀರಿಗೂ "ಭಾಳ" ಎಂದೇ ಹೇಳುತ್ತಾರೆ. ಎರಡು "ಭಾಳ"ಗಳಲ್ಲಿ ಯಾವುದು ದೊಡ್ಡದು? ಅಲ್ಲಿಂದಲೇ ವಿಜ್ಞಾನದ ಕೆಲಸ ಆರಂಭವಾಗುತ್ತದೆ. ಆ ಕೆಲಸವನ್ನು ಆರನೇ, ಏಳನೇ ತರಗತಿಯ ಮಕ್ಕಳು ಮಾಡಬಲ್ಲರು, ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಶಿಕ್ಷಕ ಮಿತ್ರರೂ ಇದ್ದಾರೆ. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನೆಲವನ್ನು ನೋಡೋಣ. ಐನಾಪುರದ ಕಡೆಯಿಂದ ಚಿಂಚೋಳಿ, ಸೇಡಂ ದಾಟಿ ಚಿತ್ತಾಪುರ, ವಾಡಿ, ಶಹಾಬಾದ್‌ಗಳತ್ತ ಹೊರಟರೆ ದಾರಿಯಲ್ಲಿ ಕಲ್ಲು ಬದಲಾಗುತ್ತದೆ. ಚಿಂಚೋಳಿಯ ಗುಡ್ಡಗಳ ಕಡೆ ಕರಿಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಸೇಡಂ ಕಡೆಗೆ ಇಳಿದಂತೆ ಹಾಳೆ ಹಾಳೆಯಾಗಿ ಏಳುವ ಸುಣ್ಣದ ಕಲ್ಲು. ನಿಮ್ಮ ಶಾಲೆಯ ಜಗಲಿಗೋ ಮನೆಯ ಪಡಸಾಲೆಗೋ ಹಾಸಿರುವ ಶಹಾಬಾದ್ ಕಲ್ಲು ಇದೇ. ಮಳಖೇಡ, ಸೇಡಂ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕುಳಿತದ್ದೂ ಈ ಕಲ್ಲಿಗಾಗಿಯೇ. ಇದರ ಮುಖ್ಯ ಪದಾರ್ಥ ಕ್ಯಾಲ್ಸಿಯಂ ಕಾರ್ಬೊನೇಟ್.

ಸುಣ್ಣದ ಕಲ್ಲು ಶುದ್ಧ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದರೆ ಮಳೆಯ ನೀರು ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ತನ್ನೊಡನೆ ಒಯ್ಯುತ್ತದೆ. ಹೀಗೆ ಬಾವಿಗೆ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ, ಜೊತೆಗೆ ಮೆಗ್ನೀಸಿಯಂ ಕೂಡ ಇರುತ್ತದೆ. ಇದನ್ನೇ ಗಡಸು ನೀರು ಎನ್ನುತ್ತೇವೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವನ್ನು ಕೆರೆದು ನೋಡಿದ್ದೀರಾ? ಅದರ ಮೇಲೆ ನಿಂಬೆರಸ ಹಿಂಡಿದರೆ ಬುರಬುರನೆ ಗುಳ್ಳೆ ಏಳುತ್ತದೆ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕರಗಿದ್ದ ಕಲ್ಲು ಮತ್ತೆ ಕಲ್ಲಾಗಿ ಹಂಡೆಗೆ ಅಂಟಿಕೊಂಡದ್ದು ಅದು. ನಿಮ್ಮ ಹಂಡೆಯೊಳಗೆ ಶಹಾಬಾದ್ ಕಲ್ಲಿನ ಒಂದು ಮರಿ ಹುಟ್ಟಿದೆ ಎಂದರೂ ನಡೆಯುತ್ತದೆ!

ಇನ್ನು ಸಾಬೂನು. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಗೆ ನೀರು ಇಷ್ಟ. ಬಾಲಕ್ಕೆ ನೀರು ಆಗುವುದಿಲ್ಲ, ಎಣ್ಣೆ ಜಿಡ್ಡು ಇಷ್ಟ. ಹೀಗಾಗಿ ಈ ಅಣುಗಳು ನೀರಿನ ಮೇಲ್ಮೈಗೆ ಬಂದು, ತಲೆಯನ್ನು ನೀರೊಳಗೆ ಇಟ್ಟು ಬಾಲವನ್ನು ಮೇಲಕ್ಕೆತ್ತಿ ಸಾಲುಗಟ್ಟಿ ನಿಲ್ಲುತ್ತವೆ. ಹೀಗೆ ಮೇಲ್ಮೈಯಲ್ಲಿ ನಿಂತು ಕೆಲಸ ಮಾಡುವ ಪದಾರ್ಥಗಳಿಗೆ ಸರ್ಫ್ಯಾಕ್ಟೆಂಟ್‌ಗಳು ಎಂದು ಹೆಸರು. ಸಾಬೂನು, ಒಗೆಯುವ ಪುಡಿಯಲ್ಲಿರುವ ಡಿಟರ್ಜೆಂಟ್, ಅಂಟುವಾಳ ಕಾಯಿಯ ರಸ ಎಲ್ಲವೂ ಈ ಗುಂಪಿಗೆ ಸೇರಿದವು.

ಗಡಸು ನೀರಿನಲ್ಲಿ ಸಾಬೂನಿಗೆ ಏನಾಗುತ್ತದೆ? ಒಂದು ಕ್ಯಾಲ್ಸಿಯಂ ಬಂದು ಎರಡು ಸಾಬೂನಿನ ಅಣುಗಳ ತಲೆಗಳನ್ನು ಹಿಡಿದುಕೊಂಡುಬಿಡುತ್ತದೆ. ಹಾಗೆ ಸಿಕ್ಕಿಬಿದ್ದ ಸಾಬೂನು ನೀರಿನಲ್ಲಿ ಕರಗುವುದಿಲ್ಲ. ಬೂದು ಬಣ್ಣದ ಜಿಗುಟಾಗಿ ಬಕೆಟ್ಟಿನ ಅಂಚಿಗೂ ಬಟ್ಟೆಗೂ ಅಂಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಹೀಗೆ ಹೊಟ್ಟೆ ತುಂಬಿಸಿಕೊಂಡ ಮೇಲಷ್ಟೇ ಮಿಕ್ಕ ಸಾಬೂನು ನೊರೆಯಾಗುತ್ತದೆ.

ಎಷ್ಟು ಸಾಬೂನು ಹೀಗೆ ವ್ಯರ್ಥವಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಗಡಸುತನವನ್ನು ಒಂದು ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಹೇಳುವುದು ರೂಢಿ. 1 ಗ್ರಾಂ ಗಡಸುತನ ಸುಮಾರು 6 ಗ್ರಾಂ ಸಾಬೂನನ್ನು ನುಂಗುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರು 10 ಲೀಟರಿನ ಒಂದು ಬಕೆಟ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ 3 ಗ್ರಾಂ ಗಡಸುತನ. ಅದು ನುಂಗುವ ಸಾಬೂನು 18 ಗ್ರಾಂ. ಅಂದರೆ 100 ಗ್ರಾಂನ ಸಾಬೂನು ಐದೂವರೆ ಬಕೆಟ್ ನೀರಿಗೆ ಮುಗಿಯಿತು, ಅದೂ ಒಂದು ಚೂರೂ ಕೊಳೆ ತೆಗೆಯದೆ! ಬಕೆಟ್ಟಿನ ಅಷ್ಟೂ ನೀರಿಗೆ ಸಾಬೂನು ತಾಗುವುದಿಲ್ಲವಾದ್ದರಿಂದ ನಷ್ಟ ಇದಕ್ಕಿಂತ ಕಡಿಮೆ ಇರಬಹುದು, ನಿಜ. ಆದರೂ ಕೂಲಿಯ ದುಡ್ಡಿನಲ್ಲಿ ಸಾಬೂನು ಕೊಳ್ಳುವ ಮನೆಗೆ ಇದು ಸಣ್ಣ ಮಾತಲ್ಲ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ ಎಂದು ಈಗ ಗೊತ್ತಾಯಿತಲ್ಲ.

ನೀರು ಸಾಬೂನನ್ನು ನುಂಗುತ್ತದೆ ಎಂಬ ದೂರನ್ನೇ ತಿರುಗಿಸಿ, "ಎಷ್ಟು ನುಂಗಿತು ಎಂದು ಅಳೆದರೆ ಗಡಸುತನವೇ ಗೊತ್ತಾಗುತ್ತದಲ್ಲ" ಎಂದು ಯೋಚಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್. 1840ರ ದಶಕದಲ್ಲಿ ಅವರು ಜಾರಿಗೆ ತಂದ ಪರೀಕ್ಷೆ ಬಹಳ ಸರಳ. ಗೊತ್ತಿರುವ ಅಳತೆಯ ನೀರನ್ನು ಬಾಟಲಿಗೆ ಹಾಕಿ, ಸಾಬೂನಿನ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕುಲುಕುತ್ತಾ ಹೋಗುವುದು. ಬಾಟಲಿಯನ್ನು ಮಲಗಿಸಿದಾಗ ನೊರೆ 5 ನಿಮಿಷ ಒಡೆಯದೆ ನಿಂತರೆ ಅಲ್ಲಿಗೆ ನಿಲ್ಲಿಸುವುದು. ಎಷ್ಟು ದ್ರಾವಣ ಖರ್ಚಾಯಿತೋ ಅದೇ ಗಡಸುತನದ ಅಳತೆ.

ಒಂದು ಪದಾರ್ಥಕ್ಕೆ ಇನ್ನೊಂದನ್ನು ಅಳೆದು ಅಳೆದು ಸೇರಿಸಿ, ಕೆಲಸ ಮುಗಿದ ಗಳಿಗೆಯನ್ನು ಗುರುತಿಸಿ, ಖರ್ಚಾದದ್ದನ್ನು ಲೆಕ್ಕ ಹಾಕುವ ಈ ವಿಧಾನಕ್ಕೆ ಟೈಟ್ರೇಶನ್ ಅಥವಾ ಅನುಮಾಪನ ಎಂದು ಹೆಸರು. ಕೆಲಸ ಮುಗಿದ ಗಳಿಗೆಗೆ ಅಂತ್ಯಬಿಂದು ಎನ್ನುತ್ತಾರೆ. ಅಮ್ಮ ಸಾರಿಗೆ ಉಪ್ಪು ಹಾಕಿ ರುಚಿ ನೋಡಿ, ಮತ್ತೆ ಚಿಟಿಕೆ ಹಾಕಿ, "ಈಗ ಸರಿಯಾಯಿತು" ಎಂದು ಕೈ ಹಿಂದಕ್ಕೆ ತೆಗೆಯುತ್ತಾಳಲ್ಲ, ಅದೂ ಇದೇ ಜಾತಿಯ ಕೆಲಸ. ಆದರೆ ಆಕೆ ಚಿಟಿಕೆ ಎಣಿಸಿ ಬರೆದಿಡುವುದಿಲ್ಲ.

ಈಗ ನಿಮ್ಮ ಶಾಲೆಯಲ್ಲಿ ಹೇಗೆ ಮಾಡುವುದೆಂದು ಹೇಳುತ್ತೇನೆ. ಸ್ನಾನದ ಸಾಬೂನಿನ 1 ಗ್ರಾಂ ತುರಿಯನ್ನು 100 ಮಿಲಿಲೀಟರ್ ಶುದ್ಧ ನೀರಿನಲ್ಲಿ ಉಗುರುಬೆಚ್ಚಗೆ ಮಾಡಿ ಕರಗಿಸಿ. ಶುದ್ಧ ನೀರೆಂದರೆ ಚೊಕ್ಕ ಪಾತ್ರೆಯಲ್ಲಿ ನೇರವಾಗಿ ಹಿಡಿದ ಮಳೆನೀರು ಅಥವಾ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್. ಒಗೆಯುವ ಪುಡಿ ಬೇಡ. ಡಿಟರ್ಜೆಂಟ್‌ನ ತಲೆ ಬೇರೆ ಬಗೆಯದು, ಕ್ಯಾಲ್ಸಿಯಂ ಹಿಡಿದುಕೊಂಡರೂ ಅದು ಸಾಬೂನಿನಂತೆ ಜಿಗುಟಾಗಿ ಕೂರುವುದಿಲ್ಲ. ಹಾಗಾಗಿ ಗಡಸುತನ ಅಳೆಯಲು ಅದು ಒದಗುವುದಿಲ್ಲ. ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. 76% ಅಥವಾ ಹೆಚ್ಚು ಇದ್ದರೆ ಅದು ಮೊದಲ ದರ್ಜೆಯ ಸಾಬೂನು, ಅದನ್ನೇ ಆರಿಸಿ. ದ್ರಾವಣವನ್ನು ಅಂದಂದೇ ಬಳಸಿ, ಮಾರನೆಯ ದಿನಕ್ಕೆ ಅದು ಗಟ್ಟಿಯಾಗಬಹುದು.

ಕೆಮ್ಮಿನ ಔಷಧದ ಖಾಲಿ ಬಾಟಲಿಯನ್ನು ಚೆನ್ನಾಗಿ ತೊಳೆದು, ಕೊನೆಗೆ ಶುದ್ಧ ನೀರಿನಲ್ಲೊಮ್ಮೆ ಜಾಲಿಸಿ. ಔಷಧ ಅಳೆಯುವ ಮುಚ್ಚಳದಿಂದ 10 ಮಿಲಿಲೀಟರ್ ಬಾವಿನೀರು ಹಾಕಿ. ಡ್ರಾಪರ್ ನೆಟ್ಟಗೆ ಹಿಡಿದು ಐದೈದೇ ಹನಿ ಸೇರಿಸಿ, ಮುಚ್ಚಿ, ಹತ್ತು ಸಲ ಕುಲುಕಿ. ನೊರೆ ನಿಲ್ಲುವ ಲಕ್ಷಣ ಕಂಡ ಮೇಲೆ ಒಂದೊಂದೇ ಹನಿ. ನೊರೆ 5 ನಿಮಿಷ ನಿಂತಾಗ ಒಟ್ಟು ಹನಿ ಎಷ್ಟೆಂದು ಬರೆಯಿರಿ. ಮಳೆನೀರಿಗೂ ಇದನ್ನೇ ಮಾಡಿ. ಮಳೆನೀರಿನಲ್ಲಿ ಗಡಸುತನ ಇಲ್ಲವಾದರೂ ನೊರೆ ಏಳಲು ಕೆಲವು ಹನಿ ಬೇಕೇ ಬೇಕು. ಆ ಹನಿಗಳನ್ನು ಬಾವಿನೀರಿನ ಲೆಕ್ಕದಿಂದ ಕಳೆಯಬೇಕು. ಹಾಗೆ ಕಳೆಯದೆ ಬರೆದ ಲೆಕ್ಕ ಗೋಣಿಚೀಲದ ತೂಕ ಕಳೆಯದೆ ತೊಗರಿ ತೂಗಿದ ಹಾಗೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಒಂದು ಶಾಲೆಯಲ್ಲಿ ಈ ಪ್ರಯೋಗ ಮಾಡಿಸುವಾಗ ಹಲಗೆಯ ಮೇಲೆ "20 ಹನಿ ಎಂದರೆ 1 ಮಿಲಿಲೀಟರ್" ಎಂದು ಬರೆದೆ. ಎಲ್ಲ ಪುಸ್ತಕಗಳಲ್ಲೂ ಹೀಗೇ ಇರುತ್ತದೆ. ಅದನ್ನು ನಂಬಿ ಹನಿಗಳನ್ನು ಮಿಲಿಲೀಟರಿಗೆ ಬದಲಿಸಿ, ಗಡಸುತನವನ್ನೂ ಲೆಕ್ಕ ಹಾಕಿ ತೋರಿಸಿದೆ. ಏಳನೇ ತರಗತಿಯ ಒಬ್ಬ ಹುಡುಗಿ ಸುಮ್ಮನೆ ಕೂರದೆ, ಔಷಧದ ಮುಚ್ಚಳದಲ್ಲಿ 2.5 ಮಿಲಿಲೀಟರಿನ ಗೆರೆ ಮುಟ್ಟುವವರೆಗೆ ಹನಿ ಎಣಿಸಿದಳು. ನೀರಿಗೆ ಐವತ್ತರ ಆಚೀಚೆ ಬಂತು, ನಾನು ಹೇಳಿದಂತೆಯೇ. ಅದೇ ಡ್ರಾಪರಿನಿಂದ ಸಾಬೂನಿನ ದ್ರಾವಣ ಹಾಕಿದಳು. ಎಣಿಕೆ ನೂರು ದಾಟಿತು. "ಸರ್, ಇದರ ಹನಿ ಸಣ್ಣದು ಬೀಳ್ತದರಿ" ಎಂದಳು.

"ತಪ್ಪು ಎಣಿಸಿರಬೇಕು, ಮತ್ತೊಮ್ಮೆ ಎಣಿಸು" ಎಂದೆ. ಎಣಿಸಿದಳು. ಮತ್ತೆ ನೂರು ದಾಟಿತು. ಪಕ್ಕದವರೂ ಎಣಿಸಿದರು. ತಪ್ಪು ಅವರದಾಗಿರಲಿಲ್ಲ, ನನ್ನದಾಗಿತ್ತು. ಎಂ.ಎಸ್ಸಿ. ಓದಿದವನಿಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಯಾಕೆ ಸಣ್ಣದು? ನೀರಿನ ಅಣುಗಳು ಒಂದನ್ನೊಂದು ಎಳೆದುಕೊಳ್ಳುತ್ತಿರುತ್ತವೆ. ಮೇಲ್ಮೈಯಲ್ಲಿ ಈ ಎಳೆತದಿಂದ ಬಿಗಿಯಾದ ಪೊರೆಯಂತಹ ಸ್ಥಿತಿ ಉಂಟಾಗುತ್ತದೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತಾರೆ. ಕೆರೆಯ ನೀರಿನ ಮೇಲೆ ಹುಳುಗಳು ಓಡಾಡುವುದು ಇದರ ಬಲದಿಂದಲೇ. ಡ್ರಾಪರಿನ ತುದಿಯಲ್ಲಿ ಹನಿ ತೂಗಾಡುವುದೂ ಇದರಿಂದಲೇ. ಹನಿಯ ಭಾರ ಎಳೆತವನ್ನು ಮೀರಿದಾಗ ಅದು ಕಳಚಿ ಬೀಳುತ್ತದೆ. ಸಾಬೂನಿನ ಅಣುಗಳು ಮೇಲ್ಮೈಯಲ್ಲಿ ಬಂದು ನಿಂತಾಗ ಎಳೆತ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ದೊಡ್ಡ ಹನಿಯನ್ನು ಹಿಡಿದಿಟ್ಟುಕೊಳ್ಳಲು ಶಕ್ತಿ ಸಾಲದು. ಆದ್ದರಿಂದ ಸಣ್ಣ ಹನಿಗಳೇ ಬೀಳುತ್ತವೆ. ಹನಿಯ ತೂಕಕ್ಕೂ ಮೇಲ್ಮೈ ಎಳೆತಕ್ಕೂ ಇರುವ ಈ ನಂಟನ್ನು ಥಾಮಸ್ ಟೇಟ್ ಎಂಬವರು 1864ರಲ್ಲಿ ಪ್ರಕಟಿಸಿದ್ದರು. ಸಾಬೂನಿನಂತಹ ದ್ರಾವಣಗಳ ಮೇಲ್ಮೈ ಎಳೆತ ಅಳೆಯಲು ಹನಿ ಎಣಿಸುವ ಗಾಜಿನ ಉಪಕರಣವನ್ನೇ ಪ್ರಯೋಗಾಲಯಗಳಲ್ಲಿ ಬಳಸುತ್ತಾ ಬಂದಿದ್ದಾರೆ. ಆ ಹುಡುಗಿ ಔಷಧದ ಮುಚ್ಚಳದಲ್ಲಿ ಮಾಡಿದ್ದೂ ಅದನ್ನೇ.

ನನ್ನ ಹಲಗೆಯ ಲೆಕ್ಕ ಏನಾಯಿತು? ಹನಿಯನ್ನು ಇದ್ದದ್ದಕ್ಕಿಂತ ಎರಡು ಪಟ್ಟು ದೊಡ್ಡದೆಂದು ತಿಳಿದಿದ್ದರಿಂದ ಆ ಊರಿನ ನೀರಿಗೆ ಎರಡು ಪಟ್ಟು ಗಡಸುತನ ಕಟ್ಟಿಬಿಟ್ಟಿದ್ದೆ. ಅಳಿಸಿ ಹೊಸದಾಗಿ ಬರೆದೆವು. ಆ ದಿನದಿಂದ ಹನಿಯ ಗಾತ್ರವನ್ನು ಅದೇ ಡ್ರಾಪರಿನಲ್ಲಿ, ಅದೇ ದ್ರಾವಣದಲ್ಲಿ ಮೊದಲು ಎಣಿಸಿಯೇ ಮುಂದುವರಿಯುತ್ತೇನೆ.

ನಾನು ಈ ಪ್ರಸಂಗವನ್ನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕಾಲೇಜಿನಲ್ಲಿದ್ದಾಗ ನಾವು ಬ್ಯೂರೆಟ್ಟು ಹಿಡಿದು ಎಷ್ಟೋ ಟೈಟ್ರೇಶನ್ ಮಾಡಿದೆವು. ಮೂರು ಸಲ ಮಾಡಿ ಮೂರೂ ಓದುಗಳು ಹೊಂದಬೇಕೆಂದು ನಿಯಮ. ಒಮ್ಮೆ ನನಗೆ ಮೊದಲ ಸಲ 9.8, ಎರಡನೇ ಸಲ 10.3 ಬಂತು. ಮೂರನೇ ಸಲ ಮಾಡಲೇ ಇಲ್ಲ. ಮೂರು ಕಡೆಯೂ 9.8 ಎಂದು ಬರೆದೆ. ಅಂಕ ಪೂರ್ತಿ ಬಂತು. ಹಾಗೆ ಬರೆದವನು ನಾನೊಬ್ಬನೇ ಆಗಿರಲಿಲ್ಲ. ಆದರೆ 10.3 ಏಕೆ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಹುಶಃ ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಯ ಗುಳ್ಳೆ ಇತ್ತೋ, ಬಣ್ಣ ಬದಲಾದ ಮೇಲೂ ಎರಡು ಹನಿ ಬಿಟ್ಟೆನೋ. ತಿಳಿದುಕೊಳ್ಳುವ ಅವಕಾಶವನ್ನು ನಾನೇ ಅಳಿಸಿಹಾಕಿದೆ. ಈ ಹುಡುಗಿಯೂ ನನ್ನಂತೆ ಮಾಡಿ, "ಸರ್ ಹೇಳಿದ್ದು 50, ಹಾಗಾದರೆ 50" ಎಂದು ಬರೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ನಮ್ಮ ಶಾಲೆಗಳ ಪ್ರಯೋಗ ಪುಸ್ತಕಗಳನ್ನು ನೋಡುವಾಗ ನನಗೆ ಅನ್ನಿಸುವುದೂ ಇದೇ. ಮೂವತ್ತು ಮಕ್ಕಳ ಪುಸ್ತಕದಲ್ಲೂ ಒಂದೇ ಉತ್ತರ, ಗೈಡಿನಲ್ಲಿರುವ ಉತ್ತರ. ಬಾವಿಯ ನೀರಿನ ಹನಿ ಎಣಿಸುವ ಪ್ರಯೋಗಕ್ಕೆ ಯಾವ ಗೈಡಿನಲ್ಲೂ ಉತ್ತರವಿಲ್ಲ. ನಿಮ್ಮೂರ ಬಾವಿಯ ಎಣಿಕೆಯನ್ನು ನಿಮಗಿಂತ ಮೊದಲು ಯಾರೂ ಅಚ್ಚು ಹಾಕಿಲ್ಲ. ಅದಕ್ಕೇ ಈ ಪ್ರಯೋಗದ ಮೇಲೆ ನನಗೆ ಇಷ್ಟು ಆಸೆ.

"ಹಾಗಾದರೆ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ?" ಎಂದು ಕೇಳುತ್ತೀರಿ. ಅದಕ್ಕೊಂದು ಉಪಾಯವಿದೆ. ಮಳೆನೀರಿಗೆ 4 ಹನಿ, ಬಾವಿನೀರಿಗೆ 64 ಹನಿ ಬಂತು ಎಂದಿಟ್ಟುಕೊಳ್ಳಿ. ಗಡಸುತನಕ್ಕೆ ಹೋದದ್ದು 60 ಹನಿ. ಈಗ 5 ಮಿಲಿಲೀಟರ್ ಬಾವಿನೀರಿಗೆ 5 ಮಿಲಿಲೀಟರ್ ಮಳೆನೀರು ಬೆರೆಸಿ ಎಣಿಸಿ. ಗಡಸುತನ ಅರ್ಧವಾಗಿದೆ, ಆದ್ದರಿಂದ 30ಕ್ಕೆ 4 ಸೇರಿಸಿ 34ರ ಹತ್ತಿರ ಬರಬೇಕು. 33 ಬಂದರೆ 33 ಎಂದೇ ಬರೆಯಿರಿ, 36 ಬಂದರೆ 36. 50 ಬಂದರೆ? ಅದನ್ನೂ ಬರೆಯಿರಿ, ಆಮೇಲೆ ಕಾರಣ ಹುಡುಕಿ. ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೇ, ಡ್ರಾಪರ್ ಓರೆ ಹಿಡಿದಿದ್ದಿರೇ, ಎಣಿಸುವಾಗ ಯಾರಾದರೂ ಮಾತನಾಡಿಸಿದರೇ?

ಈಗ ಒಪ್ಪದ ಮಿತ್ರರ ಮಾತಿಗೆ ಬರುತ್ತೇನೆ. ಅವರು ಹೇಳುವುದು ಎರಡು. ಟೈಟ್ರೇಶನ್ ಪಿಯುಸಿಗೆ ಬರುವ ಪಾಠ, ಈಗಲೇ ಏಕೆ? ಮತ್ತು ನಮ್ಮ ಶಾಲೆಯಲ್ಲಿ ಪ್ರಯೋಗಾಲಯವೆಲ್ಲಿದೆ?

ಮೊದಲನೆಯದಕ್ಕೆ ಹೆಚ್ಚು ಹೇಳುವುದಿಲ್ಲ. ಅಣುತೂಕ, ಸಮೀಕರಣ, ನಾರ್ಮಾಲಿಟಿಗಳೆಲ್ಲ ಪಿಯುಸಿಯಲ್ಲೇ ಬರಲಿ. ಎಣಿಸುವುದು, ಕಳೆಯುವುದು, ಅರ್ಧ ಮಾಡುವುದು ಮೂರನೇ ತರಗತಿಯಲ್ಲೇ ಮುಗಿದಿದೆ. ಈ ಪ್ರಯೋಗಕ್ಕೆ ಬೇಕಾದದ್ದು ಅಷ್ಟೇ.

ಎರಡನೆಯದಕ್ಕೆ ಒಬ್ಬ ಹೆಣ್ಣುಮಗಳ ಕಥೆಯೇ ಉತ್ತರ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್‌ಗೆ ವಿಜ್ಞಾನವೆಂದರೆ ಪ್ರೀತಿ. ಆದರೆ ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮನೆಗೆಲಸ, ತಂದೆತಾಯಿಯ ಆರೈಕೆಯಲ್ಲೇ ಆಕೆಯ ದಿನ ಕಳೆಯುತ್ತಿತ್ತು. ನೀರಿನ ಮೇಲ್ಮೈಗೆ ಎಣ್ಣೆ, ಸಾಬೂನು, ಜಿಡ್ಡು ತಾಗಿದಾಗ ಏನಾಗುತ್ತದೆ ಎಂದು ನೋಡುತ್ತಾ, ಹದಿಹರೆಯ ಮುಗಿಯುವ ಹೊತ್ತಿಗೇ ತಾನೇ ಒಂದು ಉಪಕರಣ ಮಾಡಿಕೊಂಡಳು. ನೀರು ತುಂಬಿದ ತಗಡಿನ ತೊಟ್ಟಿ, ಅದರ ಮೇಲೆ ಅಡ್ಡಲಾಗಿ ಸರಿದಾಡುವ ಪಟ್ಟಿ, ಮೇಲ್ಮೈ ಎಳೆತ ಅಳೆಯಲು ತಕ್ಕಡಿಗೆ ನೇತುಹಾಕಿದ ಒಂದು ಗುಂಡಿ! ಅಂಗಿಗೆ ಹಾಕುವಂತಹ ಗುಂಡಿ. ಗುಂಡಿಯನ್ನು ನೀರಿನ ಮೇಲ್ಮೈಯಿಂದ ಎತ್ತಲು ಎಷ್ಟು ಬಲ ಬೇಕೋ ಅದೇ ಅಳತೆ. ಹತ್ತು ವರ್ಷ ಹೀಗೆ ಅಳೆದು ಬರೆದಿಟ್ಟು, 1891ರಲ್ಲಿ ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಅವರಿಗೆ ಪತ್ರ ಬರೆದಳು. ಅವರು ಅದನ್ನು 'ನೇಚರ್' ಪತ್ರಿಕೆಗೆ ಕಳಿಸಿದರು, ಅದೇ ವರ್ಷ ಅಚ್ಚಾಯಿತು. ಸರ್ಫ್ಯಾಕ್ಟೆಂಟ್‌ಗಳ ಅಧ್ಯಯನಕ್ಕೆ ಇಂದಿಗೂ ಬಳಸುವ ದೊಡ್ಡ ಉಪಕರಣಗಳಿಗೆ ಆ ತಗಡಿನ ತೊಟ್ಟಿಯೇ ಪೂರ್ವಜ. ಅಡುಗೆಮನೆಯ ತೊಟ್ಟಿಯಲ್ಲಿ ಅದು ಸಾಧ್ಯವಾದರೆ, ಶಹಾಬಾದ್ ಕಲ್ಲಿನ ಜಗಲಿಯಿರುವ ನಮ್ಮ ಶಾಲೆಗಳಲ್ಲಿ ಹನಿ ಎಣಿಸುವುದು ಸಾಧ್ಯವಿಲ್ಲವೇ?

ಹಾಗೆಂದು ದೊಡ್ಡ ಪ್ರಯೋಗಾಲಯ ಬೇಡವೆಂದು ನಾನು ಹೇಳುತ್ತಿಲ್ಲ. ಸಾಬೂನಿನ ಪರೀಕ್ಷೆ ಒರಟು ಪರೀಕ್ಷೆ. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗೆರೋಲ್ಡ್ ಶ್ವಾರ್ಜೆನ್‌ಬಾಕ್ ಎಂಬ ವಿಜ್ಞಾನಿ ಇಡಿಟಿಎ ಎಂಬ ಪದಾರ್ಥ ಬಳಸಿ ಗಡಸುತನ ಅಳೆಯುವ ನಿಖರ ವಿಧಾನವನ್ನು ರೂಪಿಸಿದ ಮೇಲೆ, ಪ್ರಯೋಗಾಲಯಗಳಲ್ಲಿ ಸಾಬೂನಿನ ಕೆಲಸ ಮುಗಿಯಿತು. ಇಡಿಟಿಎ ಅಣು ಏಡಿಯಂತೆ ಕ್ಯಾಲ್ಸಿಯಮ್ಮನ್ನು ಸುತ್ತುವರಿದು ಹಿಡಿಯುತ್ತದೆ, ಒಂದಕ್ಕೆ ಒಂದು. ನೀರಿಗೆ ಹಾಕಿದ ಸೂಚಕ ಮೊದಲು ದ್ರಾಕ್ಷಾರಸದ ಕೆಂಪಾಗಿದ್ದು, ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಸಿಕ್ಕಿಬಿದ್ದ ಕೂಡಲೇ ನೀಲಿಯಾಗುತ್ತದೆ. ನೊರೆ ನಿಲ್ಲುವುದನ್ನು ಕಾಯಬೇಕಿಲ್ಲ. ಸಿಮೆಂಟ್ ತಯಾರಿಸುವವರು ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ತಿಳಿಯಲು ಬಳಸುವ ವಿಧಾನಗಳಲ್ಲಿ ಇದೂ ಒಂದು. ನಿಮ್ಮ ತಂದೆಯೋ ಚಿಕ್ಕಪ್ಪನೋ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರೆ ಕೇಳಿ ನೋಡಿ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಆರಂಭವಾಯಿತಲ್ಲ, ಅಂತಹ ಕಡೆಯೂ ಎಣ್ಣೆಗೆ ಎಷ್ಟು ಕಾಸ್ಟಿಕ್ ಸೋಡಾ ಬೇಕೆಂದು ಅಂದಾಜಿನಲ್ಲಿ ಸುರಿಯುವಂತಿಲ್ಲ. ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಎಣ್ಣೆ ಉಳಿಯುತ್ತದೆ. ಆ ಲೆಕ್ಕ ಸಿಗುವುದೂ ಟೈಟ್ರೇಶನ್‌ನಿಂದಲೇ.

ಇನ್ನೊಂದು ಸಂಗತಿ ನಿಮ್ಮ ಊರಿನಲ್ಲೇ ಇರಬಹುದು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ನೀರು ಪರೀಕ್ಷಿಸುವ ಕಿಟ್‌ಗಳನ್ನು ಗ್ರಾಮಗಳಿಗೆ ಕೊಟ್ಟು, ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ತರಬೇತಿ ನೀಡುವ ಏರ್ಪಾಡು ಇದೆ. ಇಂತಹ ಹಲವು ಕಿಟ್‌ಗಳಲ್ಲಿ ಗಡಸುತನದ ಪರೀಕ್ಷೆ ಇದೇ ಕೆಂಪು ನೀಲಿಯದು, ಅದೂ ಹನಿ ಎಣಿಸಿ. ಕಿಟ್ ಪೆಟ್ಟಿಗೆಯಲ್ಲೇ ಉಳಿದು ಅವಧಿ ಮುಗಿಸಿಕೊಂಡರೆ ಯಾರಿಗೆ ಲಾಭ? ನಿಮ್ಮ ಗುರುಗಳ ಜೊತೆ ಪಂಚಾಯಿತಿಗೆ ಹೋಗಿ ಕೇಳಿ, ತರಬೇತಿ ಪಡೆದ ಅಕ್ಕಂದಿರನ್ನು ಒಂದು ದಿನ ಶಾಲೆಗೆ ಕರೆಯಿರಿ. ಅವರ ಹನಿಗೂ ನಿಮ್ಮ ಸಾಬೂನಿನ ಹನಿಗೂ ತಾಳೆ ನೋಡಿ. ಕಿಟ್‌ನಲ್ಲಿರುವ ದ್ರಾವಣಗಳನ್ನು ದೊಡ್ಡವರಿಲ್ಲದೆ ಮುಟ್ಟಬೇಡಿ.

ಎಣಿಸಿದ ಮೇಲೆ ಆ ಅಂಕಿಯ ಅರ್ಥವೇನು? ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರು ಸಿಗದಿದ್ದರೆ 600ರವರೆಗೂ ಆಗಬಹುದು ಎಂದಿದೆ. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಹಂಡೆಯಲ್ಲಿ ಕಲ್ಲು ಕಟ್ಟುವುದನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಆರೋಗ್ಯದ ಕಾರಣಕ್ಕಾಗಿ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ. ನಮ್ಮ ಹೊಟ್ಟೆ ಹಂಡೆಯಲ್ಲ.

ಇದರ ಇನ್ನೊಂದು ಮಗ್ಗುಲು ಹೆಚ್ಚು ಮುಖ್ಯವಾದದ್ದು. ಚೆನ್ನಾಗಿ ನೊರೆ ಬರುವ ನೀರೆಲ್ಲ ಕುಡಿಯಲು ಒಳ್ಳೆಯದೆಂದು ತಿಳಿಯಬೇಡಿ. ಹಲ್ಲಿಗೂ ಮೂಳೆಗೂ ಕೇಡು ಮಾಡುವ ಫ್ಲೋರೈಡ್ ನೀರಿನಲ್ಲಿ ಇದ್ದರೆ ಸಾಬೂನು ಅದನ್ನು ಹೇಳುವುದಿಲ್ಲ. ಗೊಬ್ಬರ, ಚರಂಡಿಗಳಿಂದ ಬರುವ ನೈಟ್ರೇಟನ್ನೂ ಹೇಳುವುದಿಲ್ಲ, ರೋಗಾಣುಗಳನ್ನಂತೂ ಇಲ್ಲವೇ ಇಲ್ಲ. ಅವುಗಳಿಗೆ ಬೇರೆ ಬೇರೆ ಪರೀಕ್ಷೆಗಳೇ ಬೇಕು. ಒಂದು ಅಳತೆ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಈ ಮಾತು ನೆನಪಿದ್ದರೆ ಕೆಲವು ಮಾರಾಟಗಾರರಿಂದಲೂ ಉಳಿದುಕೊಳ್ಳಬಹುದು. ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದವರು ಎರಡು ಲೋಟಗಳಲ್ಲಿ ವಿದ್ಯುತ್ ಕಡ್ಡಿಗಳನ್ನು ಇಳಿಸಿ, ನಿಮ್ಮ ಮನೆಯ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸಿ "ನೋಡಿ ಎಷ್ಟು ಹೊಲಸು" ಎಂದು ಹೆದರಿಸುವುದುಂಟು. ನಮ್ಮ ನೆರೆಮನೆಯಲ್ಲೇ ಇದು ನಡೆಯಿತು. ಆ ಬಣ್ಣ ನೀರಿನದಲ್ಲ, ವಿದ್ಯುತ್ ಹರಿದಾಗ ಕರಗುವ ಕಬ್ಬಿಣದ ಕಡ್ಡಿಯದು. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಶುದ್ಧ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಯಂತ್ರ ಕೊಳ್ಳಬೇಕೋ ಬೇಡವೋ ಎಂಬುದು ದೊಡ್ಡವರ ತೀರ್ಮಾನ. "ನೀವು ಏನನ್ನು ಅಳೆದಿರಿ? ಎಷ್ಟು ಬಂತು?" ಎಂದು ಕೇಳುವ ಹಕ್ಕು ಮಾತ್ರ ನಿಮಗೂ ಇದೆ.

ಮನೆಯಲ್ಲಿ ಸಾಬೂನು ಉಳಿಸಲು ನಿಮ್ಮ ಎಣಿಕೆಯನ್ನು ಹೀಗೆ ಬಳಸಿ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿದ್ದರೆ ಒಗೆಯಲು ಅದನ್ನೇ ಬಳಸಬಹುದು. ಬಾವಿನೀರೇ ಆದರೆ, ಸಾಬೂನಿಗೆ ಮೊದಲು ಬಕೆಟ್ಟಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಬಿಟ್ಟರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಮಡಿವಾಳರು ಹಿಂದೆ ಬಟ್ಟೆಗೆ ಚೌಳು ಮಣ್ಣು ಹಾಕುತ್ತಿದ್ದುದರ ಗುಟ್ಟಿನಲ್ಲಿ ಇದೂ ಒಂದು, ಅಂತಹ ಮಣ್ಣಿನಲ್ಲಿ ಸೋಡಾ ಇರುತ್ತದೆ. ಸೋಡಾ ಹಾಕುವ ಮೊದಲು ಎಷ್ಟು ಹನಿ, ಹಾಕಿ ತಿಳಿಯಾದ ಮೇಲೆ ಎಷ್ಟು ಹನಿ ಎಂದು ಎಣಿಸಿ ಅಮ್ಮನಿಗೆ ತೋರಿಸಿ. ಸೋಡಾದ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಅಂಟುವಾಳದ ಕಾಯಿ ಸಿಕ್ಕರೆ ಅದರ ರಸವನ್ನೂ ಬಾವಿನೀರಿನಲ್ಲಿ, ಮಳೆನೀರಿನಲ್ಲಿ ಕುಲುಕಿ ನೋಡಿ. ಅದು ಸಾಬೂನಿನಂತೆ ಸೋಲುತ್ತದೆಯೋ ಇಲ್ಲವೋ, ನೀವೇ ಹೇಳಿ.

ಕೊನೆಗೆ ಒಂದು ಕೋರಿಕೆ. ಐನಾಪುರದ ಶಾಲೆಯವರು ನಿಮ್ಮ ಬಾವಿ, ಬೋರ್‌ವೆಲ್ ನೀರನ್ನು ಒಂದೊಂದು ಬಾಟಲಿಯಲ್ಲಿ ತುಂಬಿ ಚೀಟಿ ಅಂಟಿಸಿ ಕ್ಲಸ್ಟರ್ ಸಭೆಗೆ ಬರುವ ಗುರುಗಳ ಕೈಲಿ ಕಳಿಸಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಶಾಲೆಗಳವರೂ ಕಳಿಸಿ. ಚೀಟಿಯಲ್ಲಿ ಊರು, ನೀರು ತಂದ ದಿನ, ಬಾವಿಯೋ ಬೋರೋ ಕೆರೆಯೋ ಎಂಬುದು ಇರಲಿ. ಸುಣ್ಣದ ಕಲ್ಲಿನ ಊರುಗಳಲ್ಲಿ ಹನಿ ಹೆಚ್ಚು, ಕರಿಕಲ್ಲಿನ ಊರುಗಳಲ್ಲಿ ಕಡಿಮೆ ಎಂದು ಮೊದಲೇ ಬರೆದುಕೊಳ್ಳಬೇಡಿ. ಕರಿಕಲ್ಲಿನಲ್ಲೂ ಕ್ಯಾಲ್ಸಿಯಂ ಮೆಗ್ನೀಸಿಯಂ ಇರುತ್ತವೆ, ಕೊಳವೆಬಾವಿಯ ಆಳದ ಮೇಲೂ ನೀರು ಬದಲಾಗುತ್ತದೆ. ಒಂದೇ ಬಾಟಲಿಯ ನೀರನ್ನು ಎರಡು ಶಾಲೆಯವರು ಬೇರೆ ಬೇರೆಯಾಗಿ ಎಣಿಸಿ, ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ. ಮೇ ತಿಂಗಳ ಒಂದು ಬಾಟಲಿ, ಮಳೆ ಚೆನ್ನಾಗಿ ಬಿದ್ದ ಮೇಲೆ ಸೆಪ್ಟೆಂಬರಿನ ಒಂದು ಬಾಟಲಿ ಇದ್ದರೆ ಇನ್ನೂ ಒಳ್ಳೆಯದು. ಎಣಿಕೆಯ ಹಾಳೆಯಲ್ಲಿ ಹೊಡೆದುಹಾಕಿದ ಅಂಕಿಗಳಿದ್ದರೆ ಹಾಗೆಯೇ ಕಳಿಸಿ, ಚೊಕ್ಕ ಪ್ರತಿ ಬೇಡ.